ನಮ್ಮನೇಲೂ ಹಳೇ ಪುಸ್ತಕ ಇದೆ, ನೇಪಾಳಕ್ಕೆ ತಗೊಂಡು ಹೋಗ್ತೀರಾ?

ನಾನು ನೇಪಾಳದ ಹಳ್ಳಿ ಶಾಲೆಗಳಿಗೆ ಪುಸ್ತಕ ತಲುಪಿಸುವ ಸ್ವಯಂಸೇವಕಿ ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಮದುವೆ ಮನೆಯಲ್ಲಿ ಕೇಳುತ್ತಾರೆ, ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವಾಗ ಕೇಳುತ್ತಾರೆ. ಹೋದ ವರ್ಷ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಮೂರನೇ ಮಹಡಿಯ ಆಂಟಿ ಕೇಳಿದರು: "ಮಗನ ಪಿಯುಸಿ ಮುಗೀತು. ಎರಡು ಡಬ್ಬ ಪುಸ್ತಕ ಸಜ್ಜೆ ಮೇಲಿದೆ. ರದ್ದಿಗೆ ಹಾಕೋಕೆ ಮನಸ್ಸು ಬರ್ತಿಲ್ಲಮ್ಮ."

ಆ "ಮನಸ್ಸು ಬರ್ತಿಲ್ಲ" ಅನ್ನೋ ಮಾತು ನನಗೆ ತುಂಬ ಇಷ್ಟ. ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಆದರೂ ನನ್ನ ಉತ್ತರ ಹೆಚ್ಚು ಸಲ "ಬೇಡ" ಎಂದೇ ಇರುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲ ಸಲ ಹೋದಾಗ ಯಾರಿಗೂ ಬೇಡ ಅಂದಿರಲಿಲ್ಲ. ಗೆಳತಿಯರು, ಆಫೀಸಿನವರು, ಅಕ್ಕಪಕ್ಕದವರು ಕೊಟ್ಟದ್ದೆಲ್ಲ ಸೇರಿ ಮೂರು ಡಬ್ಬ ಆಯಿತು. ಒಳಗೇನಿದೆ ಎಂದು ತಳದವರೆಗೆ ನೋಡಲೂ ಇಲ್ಲ. ನಾವು ಹೋಗಬೇಕಿದ್ದದ್ದು ಕಾಠ್ಮಂಡುವಿನ ಉತ್ತರಕ್ಕೆ, ಟಿಬೆಟ್ ಗಡಿಗೆ ಅಂಟಿಕೊಂಡಿರುವ ರಸುವಾ ಜಿಲ್ಲೆಗೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ತುಂಬ ನೊಂದ ಜಿಲ್ಲೆ ಅದು. ಕಾಠ್ಮಂಡುವಿನಿಂದ ತ್ರಿಶೂಲಿ ಪೇಟೆ ಮೇಲಾಗಿ ಜಿಲ್ಲಾ ಕೇಂದ್ರ ಧುಂಚೆಗೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಇಡೀ ದಿನ ಕಳೆಯಿತು. ಮಾರನೇ ದಿನ ಬೆಟ್ಟ ಹತ್ತುವ ದಾರಿ.

ಡಬ್ಬ ಹೊತ್ತವರು ಅಲ್ಲಿನ ಇಬ್ಬರು ಅಣ್ಣಂದಿರು. ಅವರು ಹೊರುವ ಬುಟ್ಟಿಗೆ ಡೊಕೊ ಅನ್ನುತ್ತಾರೆ. ನಮ್ಮ ಕುಕ್ಕೆಯ ಹಾಗೆ ಬಿದಿರಿನದು. ಅದಕ್ಕೆ ಕಟ್ಟಿದ ಪಟ್ಟಿ ಹಣೆಗೆ ಬರುತ್ತದೆ, ಅದರ ಹೆಸರು ನಾಮ್ಲೊ. ಬುಟ್ಟಿ ಬೆನ್ನ ಮೇಲಿದ್ದರೂ ಭಾರವೆಲ್ಲ ಕುತ್ತಿಗೆ ಮೇಲೆ. ನಾಲ್ಕು ಗಂಟೆ ಅವರು ಹಾಗೇ ಹತ್ತಿದರು. ನಾನು ಬರೀ ನೀರಿನ ಬಾಟಲಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಹಿಂದೆ ಬಂದೆ.

ಅವತ್ತು ಭಾನುವಾರ. ನೇಪಾಳದಲ್ಲಿ ಆಗ ವಾರದ ರಜೆ ಶನಿವಾರ ಇತ್ತು, ಹಾಗಾಗಿ ಮಕ್ಕಳೆಲ್ಲ ಶಾಲೆಯಲ್ಲೇ ಇದ್ದರು. ಡಬ್ಬ ಬಿಚ್ಚಿದರು. ಮೇಲೆ ನಾಲ್ಕೈದು ಚಂದದ ಚಿತ್ರದ ಪುಸ್ತಕ. ಅದರ ಕೆಳಗೆ ದಪ್ಪ ಇಂಗ್ಲಿಷ್ ಕಾದಂಬರಿಗಳು. ಒಂದು ವಿಶ್ವಕೋಶದ ಮೂರನೇ ಸಂಪುಟ, ಅದೊಂದೇ. ತಳದಲ್ಲಿ ಕರ್ನಾಟಕದ ಸಿಇಟಿ ಪರೀಕ್ಷೆಯ ಫಿಸಿಕ್ಸ್ ಗೈಡ್. ಅದು ಐದನೇ ಕ್ಲಾಸಿನವರೆಗಿನ ಶಾಲೆ.

ಹೆಡ್‌ಸರ್ ಏನೂ ಅನ್ನಲಿಲ್ಲ. ಒಂದು ಉದ್ದನೆಯ ರಿಜಿಸ್ಟರ್ ತಂದು, ಗೆರೆ ಹಾಕಿ, ಒಂದೊಂದೇ ಪುಸ್ತಕಕ್ಕೆ ನಂಬರ್ ಕೊಟ್ಟು ಬರೆಯುತ್ತಾ ಹೋದರು. ಸಿಇಟಿ ಗೈಡಿನ ಹೆಸರನ್ನೂ ದೇವನಾಗರಿಯಲ್ಲಿ ದುಂಡಗೆ ಬರೆದರು, ಪಕ್ಕದಲ್ಲಿ "ಬೆಂಗಳೂರು" ಅಂತ. ಬಂದ ಕಾಣಿಕೆಯನ್ನು ಹೇಗೆ ಬೇಡ ಅನ್ನುವುದು, ಅಲ್ವಾ? ಡಬ್ಬ ಹೊತ್ತ ಅಣ್ಣಂದಿರ ಹಣೆಯ ಮೇಲೆ ಪಟ್ಟಿಯ ಗುರುತು ಇನ್ನೂ ಕೆಂಪಗಿತ್ತು. ನನಗೆ ಅವರ ಮುಖ ನೋಡೋಕಾಗಲಿಲ್ಲ.

ಚಿತ್ರದ ಪುಸ್ತಕಗಳಾದರೂ ಮಕ್ಕಳಿಗೆ ಆಗಬಹುದು ಅಂದುಕೊಂಡೆ. ಅವೂ ಇಂಗ್ಲಿಷಿನವು. ರಸುವಾದಲ್ಲಿ ತಮಾಂಗ್ ಜನ ಜಾಸ್ತಿ. ಆ ಮಕ್ಕಳು ಮನೆಯಲ್ಲಿ ಆಡುವುದು ತಮಾಂಗ್, ಶಾಲೆಯಲ್ಲಿ ಕಲಿಯುವುದು ನೇಪಾಳಿ. ನಮ್ಮ ತಾಂಡಾದ ಮಗುವನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಆಮೇಲೆ ಯಾರೋ ಪುಣ್ಯಾತ್ಮರು ಬಂದು ಕೈಗೆ ಕೊಡುವುದು ಇಂಗ್ಲಿಷ್. 2021ರ ಜನಗಣತಿಯ ಪ್ರಕಾರ ನೇಪಾಳದಲ್ಲಿ 124 ಭಾಷೆಗಳಿವೆ. ಅಂಥ ಕಡೆ ಪುಸ್ತಕ ಯಾವ ಭಾಷೆಯದು ಎಂದು ಕೇಳದೆ ನಾನು ಹೊರಟಿದ್ದೆ.

ಈ ತಪ್ಪು ನನಗಿಂತ ಹಳೆಯದು. 1998ರಲ್ಲಿ ಚಾರಣಕ್ಕೆ ಬಂದ ಜಾನ್ ವುಡ್ ಎಂಬ ಮೈಕ್ರೋಸಾಫ್ಟ್ ಉದ್ಯೋಗಿ, ಲಮ್ಜುಂಗ್ ಜಿಲ್ಲೆಯ ಬಾಹುನ್‌ಡಾಂಡಾದ ಶಾಲೆಯಲ್ಲಿ ಕಂಡದ್ದೂ ಇದನ್ನೇ. ಅಲ್ಲಿನ ಲೈಬ್ರರಿಯಲ್ಲಿದ್ದದ್ದು ಪ್ರವಾಸಿಗರು ಬಿಟ್ಟುಹೋದ ಪುಸ್ತಕಗಳು, ಅವೂ ಬೀಗ ಹಾಕಿದ ಕಪಾಟಿನಲ್ಲಿ. ಅವರು ಮುಂದೆ ಕಟ್ಟಿದ ರೂಮ್ ಟು ರೀಡ್ ಸಂಸ್ಥೆ ದಾನದ ಇಂಗ್ಲಿಷ್ ಪುಸ್ತಕಗಳಿಂದಲೇ ಶುರುವಾಗಿ, ಆಮೇಲೆ ಆಯಾ ಊರಿನ ಭಾಷೆಗಳಲ್ಲಿ ಮಕ್ಕಳ ಪುಸ್ತಕ ಅಚ್ಚು ಹಾಕುವುದಕ್ಕೆ ಇಳಿಯಿತು. ನಮ್ಮ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದ ಕಥೆ ಕೇಳಿದ್ದೇವಲ್ಲ, ಅವರ ಗಂಟಿನಲ್ಲಿದ್ದದ್ದು ಓದುವವರ ಮನೆಮಾತಿನ ಪುಸ್ತಕ.

ಎರಡನೇ ಸಲ ಬೆಂಗಳೂರಿನಿಂದ ಒಂದು ಪುಸ್ತಕವನ್ನೂ ಒಯ್ಯಲಿಲ್ಲ. ದುಡ್ಡು ಕೂಡಿಸಿಕೊಂಡು ಹೋದೆ. ನಮ್ಮ 100 ರೂಪಾಯಿಗೆ ಅಲ್ಲಿ 160 ರೂಪಾಯಿ, ಎಷ್ಟೋ ವರ್ಷಗಳಿಂದ ಅದೇ ಲೆಕ್ಕ. ಹೊರಡುವ ಮೊದಲೇ ಹೆಡ್‌ಸರ್‌ಗೆ ಫೋನ್ ಮಾಡಿ ಏನು ಬೇಕು ಎಂದು ಕೇಳಿದೆ. ದೊಡ್ಡ ಅಕ್ಷರ, ಪುಟಕ್ಕೆ ಎರಡೇ ಸಾಲು, ಒಂದೇ ಪುಸ್ತಕದ ನಾಲ್ಕು ನಾಲ್ಕು ಪ್ರತಿ ಅಂದರು. ಗುಂಪಾಗಿ ಓದೋಕೆ ಅದು ಬೇಕಂತೆ. ನನಗಂತೂ ಹೊಳೆದೇ ಇರಲಿಲ್ಲ. ಕಾಠ್ಮಂಡು, ಪಾಟನ್‌ನ ಅಂಗಡಿಗಳಲ್ಲಿ ಹುಡುಕಿ ನೇಪಾಳಿ ಪುಸ್ತಕಗಳನ್ನೇ ಕೊಂಡೆ.

ಅವು ಶಾಲೆಗೆ ತಲುಪಿದ ದಿನ ಸಂಜೆ ನಾವು ಉಳಿದಿದ್ದ ಮನೆಯ ಹುಡುಗಿ, ಮೂರನೇ ಕ್ಲಾಸು, ಮೇಕೆಮರಿಯ ಕಥೆಯೊಂದನ್ನು ಒಲೆ ಪಕ್ಕ ಕೂತು ಓದಿದಳು. ಒಂದು ಸಾಲು ನೇಪಾಳಿಯಲ್ಲಿ ಓದುವುದು, ಅದನ್ನೇ ಅಜ್ಜಿಗೆ ತಮಾಂಗ್‌ನಲ್ಲಿ ಹೇಳುವುದು. ಅಜ್ಜಿ ಜೋಳದ ಕಾಳು ಬಿಡಿಸುತ್ತಾ ಕೇಳುತ್ತಿದ್ದವರು ಒಮ್ಮೆಲೇ ಕೈ ನಿಲ್ಲಿಸಿ ಏನೋ ತಕರಾರು ತೆಗೆದರು. ಮೇಕೆ ಹಾಗೆಲ್ಲ ಮಾಡಲ್ಲ ಅನ್ನುತ್ತಿದ್ದಾರೆ ಎಂದು ಪಕ್ಕದಲ್ಲಿದ್ದವರು ತಿಳಿಸಿದರು. ಹುಡುಗಿ ಬೆರಳಿಟ್ಟು ಆ ಸಾಲು ತೋರಿಸಿ, ನೋಡು ಇಲ್ಲೇ ಬರೆದಿದೆ ಎಂದು ವಾದ ಮಾಡಿದಳು. ಅಜ್ಜಿಗೆ ಓದು ಬರಲ್ಲ. ಆದರೂ ಬಗ್ಗಿ ನೋಡಿದರು.

ಈಗ ಇನ್ನೊಂದು ದಾರಿಯೂ ಇದೆ. ನಮ್ಮ ಬೆಂಗಳೂರಿನದೇ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ಶುರು ಮಾಡಿತು. ಅಲ್ಲಿ ನೇಪಾಳಿಯೂ ಸೇರಿ ಹತ್ತಾರು ಭಾಷೆಗಳ ಮಕ್ಕಳ ಕಥೆಗಳಿವೆ. ಪುಕ್ಕಟೆ ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು, ಬೇರೆ ಭಾಷೆಗೆ ತರಬಹುದು.

ಹಾಗಾದರೆ ಸಜ್ಜೆ ಮೇಲಿನ ಆ ಎರಡು ಡಬ್ಬ? ಅವಕ್ಕೆ ಗಡಿ ದಾಟುವ ಕೆಲಸವಿಲ್ಲ. ನಮ್ಮ ರಾಜ್ಯದಲ್ಲೇ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಲೈಬ್ರರಿಗಳಿವೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. ನಿಮ್ಮ ಅಜ್ಜಿ ಊರಿನದಕ್ಕೇ ಮೊದಲು ಫೋನ್ ಮಾಡಿ ಕೇಳಿ. ಹರಿದದ್ದು, ಸಿಲೆಬಸ್ ಬದಲಾದದ್ದು ಕೊಡಬೇಡಿ, ಅದು ರದ್ದಿಗೇ ಹೋಗಲಿ. ಇತ್ತೀಚಿನ ಸಿಇಟಿ ಗೈಡ್ ಇದ್ದರೆ ಮಾತ್ರ ದಯವಿಟ್ಟು ಕೊಡಿ. ಕೋಚಿಂಗ್‌ಗೆ ದುಡ್ಡಿಲ್ಲದ ಪಿಯುಸಿ ಹುಡುಗರು ಅಲ್ಲಿ ಅದಕ್ಕೆ ಕಾದಿರುತ್ತಾರೆ.

ಮೂರನೇ ಮಹಡಿ ಆಂಟಿ ಹಾಗೇ ಮಾಡಿದರು. ತುಮಕೂರು ಕಡೆಯ ಅವರ ತವರೂರಿಗೆ ಬಸ್ಸಿನಲ್ಲಿ ಡಬ್ಬ ಕಳಿಸಿದರು. ವಾರದೊಳಗೆ ಅಲ್ಲಿನ ಲೈಬ್ರರಿಯವರೇ ಫೋನ್ ಮಾಡಿದ್ದಾರೆ: "ಅಕ್ಕಾ, ಫಿಸಿಕ್ಸ್, ಮ್ಯಾಥ್ಸ್ ಬಂತು. ಕೆಮಿಸ್ಟ್ರಿದು ಇಲ್ವಾ? ಹುಡುಗ್ರು ಕೇಳ್ತಿದಾರೆ." ಆಂಟಿ ಮತ್ತೆ ಸಜ್ಜೆ ಹತ್ತಿದ್ದಾರೆ.