ವಾಟರ್ ಪಂಪಿನ ಅಡಿಯ ಆ ಸಣ್ಣ ತೂತನ್ನು ಮುಚ್ಚಬೇಡಿ

ಇಂಜಿನ್ ತಣ್ಣಗಿಡುವ ನೀರನ್ನು ಸುತ್ತಿಸುವ ವಾಟರ್ ಪಂಪಿನ ಅಡಿಯಲ್ಲಿ, ಹಳೆ ಲಾರಿಗಳಲ್ಲಿ, ಒಂದು ಸಣ್ಣ ತೂತು ಇರುತ್ತದೆ. ಅದರಿಂದ ನೀರು ತೊಟ್ಟಿಕ್ಕಿದರೆ ದಯವಿಟ್ಟು ಅಂಟು ಮೆತ್ತಿ ಮುಚ್ಚಬೇಡಿ. ಕಾಸರಗೋಡಿನ ಬದಿಯಡ್ಕದ ನಮ್ಮ ವರ್ಕ್‌ಶಾಪಿಗೆ ಬಂದ ಒಂದು ಟಾಟಾ ಮರ್ಸಿಡಿಸ್ ಲಾರಿಗೆ ಯಾರೋ ಅದನ್ನೇ ಮಾಡಿದ್ದರು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಗಾಡಿ ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಮತ್ತು ಜರ್ಮನಿಯ ಡೈಮ್ಲರ್ ಬೆಂಜ್ ಒಟ್ಟಿಗೆ ಇದ್ದ ಕಾಲದ್ದು. 1954ರಲ್ಲಿ ಶುರುವಾದ ಆ ಒಪ್ಪಂದ 1969ರಲ್ಲಿ ಮುಗಿಯಿತು, ಆಮೇಲೆ ಮೂತಿಯ ಮೇಲಿನ ನಕ್ಷತ್ರ ಹೋಗಿ 'ಟಿ' ಬಂತು. ಈ ಲಾರಿಯಲ್ಲಿ ನಕ್ಷತ್ರ ಇನ್ನೂ ಇದೆ. ಯಜಮಾನರ ಅಪ್ಪ ಇದರಲ್ಲಿ ಮುರಕಲ್ಲು (ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು) ಸಾಗಿಸುತ್ತಿದ್ದರಂತೆ. ಈಗ ಬಾಡಿಗೆಗೆ ಹೋಗುವುದಿಲ್ಲ, ಅಡಿಕೆ ತೋಟದ ಶೆಡ್ಡಿನಲ್ಲಿ ಇರುತ್ತದೆ, ಆಗಾಗ ಪೆರ್ಲದ ತನಕ ಓಡಿಸಿಕೊಂಡು ಬರುತ್ತಾರೆ. ಇಂಥ ಗಾಡಿ ಕೈಗೆ ಸಿಕ್ಕಿದಾಗ ಭಯವೂ ಜಾಸ್ತಿ. ಬೋಲ್ಟ್ ಹಾಕುವ ಎರಕದ ಒಂದು ಕಿವಿ ಮುರಿದರೆ ಗುಜರಿಯಲ್ಲೂ ಇನ್ನೊಂದು ಸುಲಭಕ್ಕೆ ಸಿಗುವುದಿಲ್ಲ.

ಆ ತೂತು ಯಾಕೆ ಅಂತ ಹೇಳುತ್ತೇನೆ. ಶಾಫ್ಟಿನ ಒಂದು ತುದಿಯಲ್ಲಿ ನೀರು ತಳ್ಳುವ ಇಂಪೆಲ್ಲರ್, ಇನ್ನೊಂದು ತುದಿಯಲ್ಲಿ ಪುಲ್ಲಿ ಮತ್ತು ಫ್ಯಾನ್, ನಡುವೆ ಬೇರಿಂಗ್. ನೀರು ಬೇರಿಂಗಿನ ಕಡೆ ಬರದ ಹಾಗೆ ತಡೆಯುವುದು ಸೀಲ್. ಕಾರ್ಬನ್ನಿನ ಬಳೆಯನ್ನು ಸ್ಪ್ರಿಂಗ್ ಒಂದು ನಯವಾದ ಮುಖಕ್ಕೆ ಒತ್ತಿ ಹಿಡಿದಿರುತ್ತದೆ, ಅಷ್ಟೆ. ಅದು ಸವೆದ ದಿನ ದಾಟಿ ಬಂದ ನೀರು ಬೇರಿಂಗಿಗೆ ಹೋಗದೆ ಹೊರಗೆ ಬೀಳಲಿ ಅಂತಲೇ ತೂತು ಕೊಟ್ಟಿದ್ದಾರೆ. ಮುಚ್ಚಿದರೆ ನೆಲ ಒಣಗಿರುತ್ತದೆ ನಿಜ, ಆದರೆ ಒಳಗೆ ನೀರು ಗ್ರೀಸನ್ನು ತೊಳೆದು, ಬೇರಿಂಗ್ ಸಡಿಲವಾಗಿ, ಶಾಫ್ಟ್ ಓಲಾಡಿ, ಕೊನೆಗೆ ಫ್ಯಾನ್ ಹೋಗಿ ರೇಡಿಯೇಟರನ್ನೇ ಸೀಳುತ್ತದೆ. ಈ ಲಾರಿಯಲ್ಲಿ ಇಂಜಿನ್ ನಿಲ್ಲಿಸಿ ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಇನ್ನು ಸ್ವಲ್ಪ ಓಡಿಸಿದ್ದರೆ ಅದೇ ಆಗುತ್ತಿತ್ತು.

ಬಿಚ್ಚುವಾಗ ಅವಸರ ಬೇಡ. ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟೆವು, ಬಿಗಿಯಾಗಿದ್ದವಕ್ಕೆ ಬಿಸಿ ಕೊಟ್ಟೆವು. ಇಂಪೆಲ್ಲರನ್ನು ಪುಲ್ಲರ್ ಹಾಕಿಯೇ ಎಳೆಯಬೇಕು, ಸುತ್ತಿಗೆ ತೋರಿಸಲೇಬಾರದು. ಶಾಫ್ಟಿನಲ್ಲಿ ತುಕ್ಕಿನ ಗುಳಿಗಳಿದ್ದವು, ಕುಂಬಳೆಯ ಲೇತಿನವರು ಹೊಸದು ಕಡೆದು ಕೊಟ್ಟರು. ಹೊಸ ಬೇರಿಂಗನ್ನು ಹೊರಗಿನ ರೇಸ್, ಅಂದರೆ ಹೊರಗಿನ ಬಳೆಯ, ಮೇಲೆ ಮಾತ್ರ ಒತ್ತಿ ಕೂರಿಸಿದೆವು. ಒಳಗಿನ ರೇಸ್ ಮೇಲೆ ಒತ್ತಿದರೆ ಗೋಲಿಗಳು ಅಲ್ಲೇ ಹಾಳು. ಕಾರ್ಬನ್ ಮುಖಕ್ಕೆ ಗ್ರೀಸಿನ ಬೆರಳು ತಾಗಿಸಬಾರದು. ಮತ್ತೆ, ನೀರು ತುಂಬದೆ "ಸುಮ್ನೆ ಒಂದು ಸಲ ನೋಡುವಾ" ಅಂತ ಸ್ಟಾರ್ಟ್ ಮಾಡಲೂ ಬಾರದು, ಒಣಗಿದ ಸೀಲ್ ಬೇಗ ಸುಡುತ್ತದೆ.

ಇಷ್ಟಕ್ಕೆ ಪಂಪ್ ಸರಿಯಾಯಿತು. ಆದರೆ ಸೀಲ್ ಸವೆದದ್ದು ಯಾಕೆ? ನಾನು ಮುಖ್ಯವಾಗಿ ಹೇಳಬೇಕಾದ್ದು ಇದು. ಹೊಸ ಸೀಲ್ ಹಾಕಿ ಅದೇ ನೀರು ತುಂಬಿದರೆ ಯಜಮಾನರು ಮತ್ತೆ ಬರಲೇಬೇಕು.

ಬಿಚ್ಚಿದಾಗ ಬಂದ ನೀರು ಮಳೆಗಾಲದ ಹೊಳೆಯ ಹಾಗೆ ಕೆಂಪಗಿತ್ತು. ಅವರು ತುಂಬುತ್ತಿದ್ದದ್ದು ತೋಟದ ಸುರಂಗದ ನೀರು. ನಮ್ಮ ಕಡೆ ಗುಡ್ಡ ಕೊರೆದು ತೆಗೆದ ಸುರಂಗದ ನೀರು ಕುಡಿಯಲು ಎಷ್ಟು ಚಂದ ಅಲ್ವಾ? ಉಪ್ಪಿಲ್ಲ, ಸುಣ್ಣ ಕಡಿಮೆ. ಆದರೆ ಮುರಕಲ್ಲಿನ ನೆಲದ ನೀರಿಗೆ ಹುಳಿ ಗುಣ ಇದೆ, ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಕೆಳಗೆ. ಎರಕದ ಕಬ್ಬಿಣದ ಬ್ಲಾಕನ್ನು ಅದು ನಿಧಾನಕ್ಕೆ ತಿನ್ನುತ್ತದೆ. ಎದ್ದ ತುಕ್ಕಿನ ಪುಡಿ ನೀರಿನ ಜೊತೆ ಸುತ್ತಿ ಸುತ್ತಿ ಸೀಲಿನ ಮುಖವನ್ನು ಮರಳು ಕಾಗದ ಹಾಕಿದಂತೆ ಉಜ್ಜುತ್ತದೆ. ಅದಕ್ಕೆ ಬೇಕಾದದ್ದು ಕೂಲಂಟ್, ಅಂದರೆ ನೀರು ಹೆಪ್ಪುಗಟ್ಟದಂತೆ, ತುಕ್ಕು ಹಿಡಿಯದಂತೆ ರೇಡಿಯೇಟರಿನ ನೀರಿಗೆ ಬೆರೆಸುವ ದ್ರವ. "ನಮ್ಮಲ್ಲಿ ಮಂಜುಗಡ್ಡೆ ಆಗುತ್ತದಾ, ಅದೆಲ್ಲ ಯಾಕೆ?" ಅಂತ ಇಲ್ಲಿ ತುಂಬಾ ಜನ ಕೇಳುತ್ತಾರೆ. ಕಾಸರಗೋಡಿನಲ್ಲಿ ಕೂಲಂಟ್ ಬೇಕಾದದ್ದು ಚಳಿಗಲ್ಲ, ತುಕ್ಕು ತಡೆಯಲು. ರೇಡಿಯೇಟರನ್ನು ಉಲ್ಟಾ ಕಡೆಯಿಂದ ತಿಳಿ ನೀರು ಬರುವ ತನಕ ತೊಳೆದು, ಬ್ಯಾಟರಿಗೆ ಹಾಕುವ ನೀರಿನಲ್ಲಿ ಕೂಲಂಟ್ ಬೆರೆಸಿ ತುಂಬಿದೆವು. ಯಜಮಾನರಿಗೆ ಖರ್ಚು ಜಾಸ್ತಿ ಅನ್ನಿಸಿತು. ಕೆಂಪು ನೀರಿನ ಬಕೆಟ್ ತೋರಿಸಿದ ಮೇಲೆ ಒಪ್ಪಿದರು.

ಇನ್ನೆರಡು ಕಾರಣಗಳೂ ಅದೇ ಗಾಡಿಯಲ್ಲಿದ್ದವು. ಫ್ಯಾನ್ ಬೆಲ್ಟ್ ತಂತಿಯಷ್ಟು ಬಿಗಿ ಇತ್ತು. ಹೀಗಿದ್ದರೆ ಬೇರಿಂಗಿಗೆ ಸದಾ ಒಂದೇ ಕಡೆಯಿಂದ ಎಳೆತ. ಹೆಬ್ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ತಗ್ಗಬೇಕು. ಇನ್ನೊಂದು ರೇಡಿಯೇಟರ್ ಕ್ಯಾಪ್. ಈಗಿನ ಕಾರಿನದ್ದು ಹಾಕಿದ್ದರು, ಅದು ಒಳಗೆ ಹೆಚ್ಚು ಒತ್ತಡ ಹಿಡಿದಿಡುತ್ತದೆ. ಒತ್ತಡ ಚದರ ಇಂಚಿಗೆ ಒಂದು ಪೌಂಡ್ ಏರಿದರೆ ನೀರು ಕುದಿಯುವ ಶಾಖ ಸುಮಾರು ಒಂದೂವರೆ ಡಿಗ್ರಿ ಏರುತ್ತದೆ, ಅದು ಒಳ್ಳೆಯದೇ. ಆದರೆ ಹಿತ್ತಾಳೆ ಮತ್ತು ಬೆಸುಗೆಯ ಹಳೆ ರೇಡಿಯೇಟರಿಗೂ ಹಳೆ ಸೀಲಿಗೂ ಅಷ್ಟು ಒತ್ತಡ ತಡೆಯುವ ಶಕ್ತಿ ಇಲ್ಲ. ಕ್ಯಾಪಿನ ಮೇಲೆ ಬರೆದಿರುವ ಸಂಖ್ಯೆ ಓದಿ, ಆ ಇಂಜಿನ್ನಿಗೆ ಹೇಳಿದ್ದನ್ನೇ ಹಾಕಿ.

ಹೊಸ ಪಂಪ್ ಹಾಕಿದ ಮೇಲೆ ಮೊದಲ ಕೆಲವು ಓಟದಲ್ಲಿ ತೂತಿನಿಂದ ಒಂದೆರಡು ಹನಿ ಬಂದರೆ ಗಾಬರಿ ಬೇಡ, ಸೀಲಿನ ಮುಖಗಳು ಕೂರಲು ಸ್ವಲ್ಪ ಸಮಯ ಬೇಕು. ನಿಲ್ಲದೆ ಬರುತ್ತಿದ್ದರೆ ಮತ್ತೆ ಬಿಚ್ಚಲೇಬೇಕು. ಬೆಲ್ಟ್ ಮಾತ್ರ ಆ ವಾರವೇ ಇನ್ನೊಮ್ಮೆ ನೋಡಿ, ಹೊಸ ಬೆಲ್ಟ್ ಸ್ವಲ್ಪ ಹಿಗ್ಗುತ್ತದೆ.