ಪರದೆಯ ಹಿಂದಿನ ಹಸಿರು ತೇಪೆ

ಧಾರವಾಡದ ಒಂದು ಸಾಂಸ್ಕೃತಿಕ ಸಂಸ್ಥೆಯಲ್ಲಿ ನಾನು ಕಾರ್ಯಕ್ರಮ ಸಂಯೋಜಕಿ. ಹಾಲ್ ಬುಕಿಂಗ್, ಆಹ್ವಾನ ಪತ್ರಿಕೆ, ಅತಿಥಿಗಳ ಟಿಎ-ಡಿಎ, ಹಾರ-ಶಾಲು, ವರ್ಷದ ಕೊನೆಗೆ ಅನುದಾನ ಬಳಕೆಯ ಪ್ರಮಾಣಪತ್ರ (ಯುಸಿ), ಎಲ್ಲವೂ ನನ್ನ ಟೇಬಲ್ಲಿಗೇ ಬರುತ್ತವೆ. ಪ್ರದರ್ಶನ ಅಂತ ಬಂದರೆ ಅದೂ ಅದೇ ಟೇಬಲ್ಲಿಗೆ. ಗೋಡೆಗೆ ಮೊಳೆ ಹೊಡೆದು ಫ್ರೇಮು ನೇತುಹಾಕಿ, ಕೆಳಗೊಂದು ಚೀಟಿ ಅಂಟಿಸಿದರೆ ಪ್ರದರ್ಶನ ಆಯಿತು ಅನ್ನುವ ಪದ್ಧತಿ ನಮ್ಮಲ್ಲಿ ಬಹಳ ಕಾಲ ನಡೆದುಬಂದಿತ್ತು. ಅದು ಸಾಲದು ಅನಿಸಿದ್ದಕ್ಕೇ ನಾನು ಪಾರ್ಟ್‌ಟೈಮ್ ಕ್ಯುರೇಟಿಂಗ್, ಅಂದರೆ ಪ್ರದರ್ಶನ ರೂಪಿಸುವ ಕೋರ್ಸಿಗೆ ಸೇರಿದ್ದು.

ಪಾಠ ಶನಿವಾರ, ಭಾನುವಾರ ಸಂಜೆ, ಆನ್‌ಲೈನ್. ನಮ್ಮ ವೃತ್ತಿಯವರಿಗೆ ಕಾರ್ಯಕ್ರಮ ಇರುವುದೂ ಅವೇ ಎರಡು ಸಂಜೆ. ವೇದಿಕೆಯ ಮೇಲೆ ಸ್ವಾಗತ ಭಾಷಣ ಶುರುವಾದ ಮೇಲೆ ಗ್ರೀನ್‌ರೂಮಿನಲ್ಲಿ ಕೂತು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದ ಪಾಠಗಳೇ ಹೆಚ್ಚು. ಓದಿಗಾಗಿ ರಜೆ ಕೇಳಿದರೆ ನಿಯಮಾವಳಿಯಲ್ಲಿ ಅವಕಾಶವಿಲ್ಲ ಎಂಬ ಟಿಪ್ಪಣಿ ಬಂತು. ಸಂಸ್ಥೆಯ ಕೆಲಸಕ್ಕೇ ಬೇಕಾದ ಓದಿಗೆ ನನ್ನ ಗಳಿಕೆ ರಜೆ ಕರಗುತ್ತಿದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಮುಂದೆ ಯಾರಾದರೂ ನನ್ನಂತೆ ಓದಲು ಹೊರಟರೆ ಈ ಗೋಡೆಯೇ ಮೊದಲು ಎದುರಾಗುತ್ತದೆ, ಗೊತ್ತಿರಲಿ.

ಓದು ಮಾತ್ರ ಕಣ್ಣು ತೆರೆಸಿತು. ಸ್ವಿಟ್ಜರ್ಲೆಂಡಿನ ಕ್ಯುರೇಟರ್ ಹರಾಲ್ಡ್ ಸೀಮನ್ 1969ರಲ್ಲಿ ಬರ್ನ್ ನಗರದಲ್ಲಿ ಮಾಡಿದ ಪ್ರದರ್ಶನದ ಗದ್ದಲ, ಆಮೇಲೆ ಆತ ಅಲ್ಲಿನ ಹುದ್ದೆ ಬಿಟ್ಟು ಸ್ವತಂತ್ರವಾಗಿ ಕೆಲಸಕ್ಕಿಳಿದದ್ದು, 1991ರಲ್ಲಿ ಅದೇ ದೇಶದ ಇನ್ನೊಬ್ಬ ಕ್ಯುರೇಟರ್ ಹಾನ್ಸ್ ಉಲ್ರಿಖ್ ಓಬ್ರಿಸ್ಟ್ ತನ್ನ ಅಡುಗೆಮನೆಯಲ್ಲೇ ಪ್ರದರ್ಶನ ಮಾಡಿದ್ದು, ಇವನ್ನೆಲ್ಲ ಕೇಳುವಾಗ ಹಣವಿಲ್ಲ, ಜಾಗವಿಲ್ಲ ಎಂಬ ನಮ್ಮ ನಿತ್ಯದ ಗೋಳು ನೆಪದಂತೆ ಕಾಣಿಸಿತು. ಬಟ್ಟೆ, ಕಾಗದ, ಬೇಗ ಮಾಸುವ ಬಣ್ಣಗಳ ಮೇಲೆ ಬೆಳಕು 50 ಲಕ್ಸ್ (ಬೆಳಕಿನ ಅಳತೆಯ ಮಾನ) ದಾಟಬಾರದು ಎಂಬುದು ತಿಳಿದ ದಿನವೇ ಹಾಲ್‌ನ ಅರ್ಧ ಟ್ಯೂಬ್‌ಲೈಟು ತೆಗೆಸಿದೆ. ಲಕ್ಸ್ ಮೀಟರಿಗೆ ಇಟ್ಟ ಖರೀದಿ ಫೈಲು ಆಕ್ಷೇಪಣೆ ಹೊತ್ತು ವಾಪಸ್ ಬಂದು ನನ್ನ ಡ್ರಾಯರಿನಲ್ಲಿ ಮಲಗಿದೆ. ಸದ್ಯ ಮೊಬೈಲ್ ಆ್ಯಪೇ ಗತಿ. ಅದು ತೋರಿಸುವುದು ಅಂದಾಜು ಮಾತ್ರ.

ಕೋರ್ಸಿನ ಪ್ರಾಜೆಕ್ಟಿಗೂ ಸಂಸ್ಥೆಯ ಕಾರ್ಯಕ್ರಮಕ್ಕೂ ಸೇರಿಸಿ ನಾನು ಆಯ್ದುಕೊಂಡದ್ದು ಕಂಪನಿ ನಾಟಕವನ್ನು. ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ವಸ್ತು ಇನ್ನೇನಿದೆ? 1870ರ ದಶಕದಲ್ಲಿ ಶಾಂತಕವಿಗಳು ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಗದಗಿನದೇ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಸಂಗೀತ ಕಲಿಸುತ್ತಲೇ ನಾಟಕ ಕಂಪನಿ ನಡೆಸಿದರು. ಹರೆಯದಲ್ಲಿ ಸ್ತ್ರೀಪಾತ್ರ ಮಾಡಿ ಮುಂದೆ ಕಂಪನಿಯನ್ನೇ ಕಟ್ಟಿ ನಡೆಸಿದ ಏಣಗಿ ಬಾಳಪ್ಪನವರು ನೂರು ದಾಟಿ ಬಾಳಿ 2017ರಲ್ಲಿ ತೀರಿಕೊಂಡರು. ಅಷ್ಟೆಲ್ಲ ಇದ್ದೂ, ಕಂಪನಿಗಳು ಮುಚ್ಚಿದ ಮೇಲೆ ಆ ಪರದೆ, ಝಾಲರು, ಕಾಲುಪೆಟಿಗೆ, ಕರಪತ್ರಗಳೆಲ್ಲ ಎಲ್ಲಿ ಹೋದವು? ಬಹಳಷ್ಟು ಗುಜರಿಗೆ ಹೋದವು, ಉಳಿದವು ಮನೆಗಳ ಅಟ್ಟದಲ್ಲಿವೆ.

ಅಂಥದೊಂದು ಅಟ್ಟದಿಂದ ನಮಗೆ ದರ್ಬಾರ್ ಪರದೆ, ಅಂದರೆ ರಾಜಸಭೆಯ ಚಿತ್ರ ಬರೆದ ರಂಗಪರದೆ, ಸಿಕ್ಕಿತು. ಗದಗ ಕಡೆಯ ಕಂಪನಿ, ಮುಚ್ಚಿ ದಶಕಗಳೇ ಆಗಿವೆ. ಮಾಲೀಕರ ಹಿರಿಯ ಮಗ ಪರದೆಯನ್ನು ಚಾದರದಲ್ಲಿ ಸುತ್ತಿ ಇಟ್ಟಿದ್ದರು. ಇಂಥ ಪರದೆಗಳಿಗೆ ಬಣ್ಣದ ಪುಡಿಯನ್ನು ಸರೇಸು ಎಂಬ ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಒಂದು ಹನಿ ನೀರು ಬಿದ್ದರೂ ಬಣ್ಣ ಹರಿಯುತ್ತದೆ, ಒಣಗಿ ಹಳತಾದರೆ ಪುಡಿಪುಡಿಯಾಗಿ ಕೈಗೆ ಹತ್ತುತ್ತದೆ. ಮಡಿಕೆ ಬಿದ್ದಲ್ಲೆಲ್ಲ ಕಂಬಗಳ ಬಣ್ಣ ಹೋಗಿ ಬಟ್ಟೆ ಕಾಣುತ್ತಿತ್ತು. ಮಡಚಿ ತರುವುದು ಬೇಡವೆಂದು ಹಾರ್ಡ್‌ವೇರ್ ಅಂಗಡಿಯಿಂದ ದಪ್ಪ ಪಿವಿಸಿ ಪೈಪು ತರಿಸಿ, ಅದಕ್ಕೆ ಗಂಜಿ ಹೋಗುವ ಹಾಗೆ ಒಗೆದ ಬೆಂಗೇರಿ ಖಾದಿ ಸುತ್ತಿ, ಬಣ್ಣದ ಮುಖ ಹೊರಗೆ ಬರುವಂತೆ ಸುರುಳಿ ಮಾಡಿ ತಂದೆವು. ಬಣ್ಣ ಒಳಗಡೆ ಇಟ್ಟು ಸುತ್ತಿದರೆ ಪದರು ಒತ್ತಿಕೊಂಡು ಏಳುತ್ತದೆ. ಇದೂ ಕೋರ್ಸಿನಿಂದಲೇ ಕಲಿತದ್ದು.

ವಸ್ತು ಯಾವ ಸ್ಥಿತಿಯಲ್ಲಿದೆ ಎಂದು ದಾಖಲಿಸುವ ಕಂಡಿಷನ್ ರಿಪೋರ್ಟು ನಾನೇ ಬರೆದೆ. ಅದರಲ್ಲಿ ಒಂದು ಸಾಲು ಹೀಗಿತ್ತು: "ಹಿಂಬದಿ, ಎಡಗಡೆ ಕೆಳಭಾಗ, ಹಸಿರು ಬಟ್ಟೆಯ ತೇಪೆ, ಅಂಗೈಯಗಲ, ಕೈಹೊಲಿಗೆ." ಈ ಸಾಲನ್ನು ನಾನು ಬರೆದದ್ದು ಹಾನಿಯ ಕಾಲಮ್ಮಿನಲ್ಲಿ. ಫಾರ್ಮಿನಲ್ಲಿ ಬೇರೆ ಕಾಲಮ್ಮೂ ಇರಲಿಲ್ಲ.

ಪರದೆಯ ಪಕ್ಕ ಹಾಕುವ ವಿವರಣೆಯ ಪ್ಯಾನಲ್ಲಿನ ಬರಹಕ್ಕೆ ಹಿರಿಯ ಮಗನನ್ನೇ ಕೂರಿಸಿಕೊಂಡು ಕೇಳಿದೆ. ಕಂಪನಿ ಯಾವಾಗ ಶುರುವಾಯಿತು, ಎಲ್ಲೆಲ್ಲಿ ಕ್ಯಾಂಪು, ಯಾವ ಪಾತ್ರ ಯಾರು, ಎಲ್ಲ ಹೇಳಿದರು. ಮನಸ್ಸಿಟ್ಟು ಹೇಳಿದರು, ಸುಳ್ಳೂ ಹೇಳಲಿಲ್ಲ. ನಾನು ಬರೆದುಕೊಂಡೆ. ಅನುದಾನ ಮಾರ್ಚ್ 31ರೊಳಗೆ ಖರ್ಚಾಗಬೇಕು, ಸನ್‌ಬೋರ್ಡ್ ಪ್ರಿಂಟಿನವನಿಗೆ ಫೈಲು ಮುಂಚಿತವಾಗಿ ಕೊಡಬೇಕು, ಹಾಗಾಗಿ ಇನ್ನೊಬ್ಬರನ್ನು ಕೇಳುವ ವ್ಯವಧಾನವೇ ಇರಲಿಲ್ಲ. ಎರವಲು, ಒಡೆತನ, ವಸ್ತುವಿನ ಪೂರ್ವಚರಿತ್ರೆ ಕುರಿತ ಪಾಠ ನಮ್ಮ ವೇಳಾಪಟ್ಟಿಯಲ್ಲಿ ಇದ್ದದ್ದು ಏಪ್ರಿಲ್‌ನಲ್ಲಿ.

ಹತ್ತೂವರೆಗೆ ಉದ್ಘಾಟನೆ. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಒಬ್ಬರು ಒಳಗೆ ಬಂದರು. ವಯಸ್ಸು ಐವತ್ತು ದಾಟಿರಬಹುದು. ಪ್ಯಾನಲ್ ಮುಂದೆ ನಿಂತು ಕೊನೆಯ ಸಾಲಿನವರೆಗೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾರನ್ನ ಕೇಳಿ ತಂದೀರಿ ಮೇಡಂ ಈ ಪರದೆ? ಇಳಸ್ರಿ ಇದನ್ನ," ಅಂದರು. ದನಿ ಏರಿರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ನಾನು ಎರವಲು ಕರಾರು ತಂದು ತೋರಿಸಿದೆ.

"ಸಹಿ ನಮ್ಮಣ್ಣಂದು. ಇಲ್ಲ ಅನ್ನಂಗಿಲ್ಲ. ನಾನೂ ಅದ ಅಪ್ಪನ ಮಗ ಅದೀನಿ, ಎರಡನೇ ಮನೀದು."

ಆಸ್ತಿ ಜಗಳ ಅಂತ ಆ ಕ್ಷಣ ನಾನು ತೀರ್ಮಾನಿಸಿಬಿಟ್ಟೆ. ಹಂಚಿಕೆಯಲ್ಲಿ ಸಿಗದ್ದನ್ನು ಸಭೆಯಲ್ಲಿ ಕೇಳಲು ಬಂದಿದ್ದಾರೆ, ಗಲಾಟೆ ಆಗುತ್ತದೆ, ಪೇಪರಿನವರು ಬಂದಿದ್ದಾರೆ, ಇಷ್ಟೇ ತಲೆಯಲ್ಲಿ ಓಡಿದ್ದು. ಮುಖ್ಯಸ್ಥರಿಗೆ ಫೋನ್ ಮಾಡಿದೆ. "ಚಹಾ ಕುಡಿಸಿ ಕೂಡಸ್ರಿ, ಉದ್ಘಾಟನೆ ಆಗ್ಲಿ, ಆಮ್ಯಾಲೆ ನೋಡೋಣು," ಅಂದರು. ಅವರು ಆಗಲೇ ಅತಿಥಿಗಳನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ಹೊರಟಿದ್ದರು.

ನಾನು ಫೋನ್ ಇಟ್ಟು ನೋಡಿದರೆ ಆ ಮನುಷ್ಯ ಪರದೆಯ ಹಿಂದೆ ಹೋಗಿದ್ದರು. ಗಾಳಿಯಾಡಲಿ ಎಂದು ಪರದೆಯನ್ನು ಗೋಡೆಯಿಂದ ದೂರ ಬಿಟ್ಟು ಕಟ್ಟಿದ್ದೆವು, ಒಬ್ಬರು ಅಡ್ಡ ತಿರುಗಿ ನಿಲ್ಲುವಷ್ಟು ಜಾಗ. ಮುಟ್ಟಿಬಿಟ್ಟಾರು ಎಂದು ಓಡಿದೆ. ಮುಟ್ಟಿರಲಿಲ್ಲ. ಕುಕ್ಕುರುಗಾಲಲ್ಲಿ ಕೂತು ಮೊಬೈಲ್ ಟಾರ್ಚ್ ಹಿಡಿದು ಆ ಹಸಿರು ತೇಪೆ ನೋಡುತ್ತಿದ್ದರು.

"ನಮ್ಮವ್ವನ ಸೀರಿ ಇದು. ಬನಶಂಕರಿ ಜಾತ್ರಿ ಕ್ಯಾಂಪಿನ್ಯಾಗ ಗಾಳಿಗೆ ಹರದಿತ್ತಂತ. ರಾತ್ರಿ ಆಟಕ್ಕ ದರ್ಬಾರ ಬೇಕಲ್ಲ? ಆಕೀನ ಸೀರಿ ಸೆರಗು ಹರದು ಹೊಲದಾಳ. ಹೊಲದು ಎದ್ದು ಬಣ್ಣ ಹಚಗೊಂಡು ಪಾರ್ಟ್ ಮಾಡ್ಯಾಳ."

ಟಾರ್ಚಿನ ಬೆಳಕಿನಲ್ಲಿ ಮೊದಲ ಸಲ ಆ ಹೊಲಿಗೆಯನ್ನು ಸರಿಯಾಗಿ ನೋಡಿದೆ. ಸಣ್ಣ ಸಣ್ಣ ಟಾಕು, ಅಂಚನ್ನು ಒಳಕ್ಕೆ ಮಡಚಿ ಹಾಕಿದ್ದು. ಮೂಲೆಯೊಂದರಲ್ಲಿ ದಾರ ಮುಗಿದು ಬೇರೆ ಬಣ್ಣದ ದಾರ ಶುರುವಾಗಿತ್ತು. ಅವಸರದಲ್ಲಿ ಹೊಲಿದದ್ದು, ಆದರೂ ಮುಂಬದಿಯ ಸಿಂಹಾಸನದ ಮೇಲೆ ಒಂದು ಸುಕ್ಕೂ ಬಿದ್ದಿರಲಿಲ್ಲ. ಅಷ್ಟು ವರ್ಷ ಆ ಪರದೆ ಹರಿಯದೆ ನಿಂತದ್ದು ಈ ತೇಪೆಯಿಂದ. ನಾನು ಅದನ್ನು ಬರೆದಿಟ್ಟದ್ದು ಹಾನಿ ಅಂತ.

"ಪರದೆ ನನಗ ಬ್ಯಾಡ್ರಿ. ಇಡಾಕ ಮನ್ಯಾಗ ಜಾಗಾನೂ ಇಲ್ಲ. ಇಷ್ಟು ಮಂದಿ ಹೆಸರು ಬರದೀರಲ್ಲ, ನಮ್ಮವ್ವನ ಹೆಸರು ಎಲ್ಲೈತ್ರಿ?"

ಹೆಸರು ಕೇಳಿದೆ. ಹೇಳಿದರು. ಕೇಳಿದ ಕೂಡಲೇ ಎಲ್ಲಿ ಓದಿದ್ದೆ ಎಂಬುದು ನೆನಪಾಯಿತು. ಅದೇ ಹಾಲ್‌ನ ಗಾಜಿನ ಪೆಟ್ಟಿಗೆಯೊಳಗೆ ಅದೇ ಕಂಪನಿಯ ಕರಪತ್ರ ಇತ್ತು, ಬೇರೆ ಸಂಗ್ರಾಹಕರಿಂದ ಬಂದದ್ದು. ಗುಲಾಬಿ ಕಾಗದ, ಅಂಚು ಮುರಿಯುವಂತಾಗಿದೆ. ಅದರ ಮೇಲ್ಭಾಗದಲ್ಲಿ, ನಾಯಕಿಯ ಪಾತ್ರದ ಎದುರಿಗೆ, ದಪ್ಪ ಅಕ್ಷರದಲ್ಲಿ ಆಕೆಯ ಹೆಸರು. ಎರಡೂ ವಸ್ತುಗಳನ್ನು ಒಂದೇ ಕೋಣೆಯಲ್ಲಿಟ್ಟು, ಒಂದರ ಪಕ್ಕ ಇನ್ನೊಂದನ್ನು ಓದದೆ ಬಿಟ್ಟಿದ್ದೆ. ಹೇಳಿದವರ ಮಾತು ಬರೆದುಕೊಂಡೆ, ಹೇಳದೆ ಬಿಟ್ಟದ್ದು ಏನು ಎಂದು ಕೇಳಿಕೊಳ್ಳಲಿಲ್ಲ.

ಇಪ್ಪತ್ತು ನಿಮಿಷ ಉಳಿದಿತ್ತು. ಸನ್‌ಬೋರ್ಡ್ ತಿದ್ದಲು ಆಗುವುದಿಲ್ಲ. ಆಫೀಸಿಗೆ ಓಡಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದೆ. ಏನು ಬರೆಯಬೇಕು ಎಂಬುದೇ ಕಷ್ಟದ್ದು. ಹೆಂಡತಿ ಎಂದು ಬರೆಯಲೇ? ಅದಕ್ಕೆ ನನ್ನ ಬಳಿ ಆಧಾರ ಇಲ್ಲ, ಆ ಮಾತು ಹೇಳುವ ಅಧಿಕಾರವೂ ನನಗಿಲ್ಲ. ಕರಪತ್ರದಲ್ಲಿ ಇದ್ದಷ್ಟು ಬರೆದೆ: ಇಂಥ ನಟಿ, ಇಂಥ ನಾಟಕದ ನಾಯಕಿ, ಎದುರಿನ ಪೆಟ್ಟಿಗೆಯ ಕರಪತ್ರ ನೋಡಿ. ಅದರ ಕೆಳಗೆ: ಪರದೆಯ ಹಿಂಬದಿಯ ಹಸಿರು ತೇಪೆ ಈಕೆ ತಮ್ಮ ಸೀರೆಯಿಂದ ಹಾಕಿದ್ದು ಎಂದು ಮಗ ತಿಳಿಸಿದ್ದಾರೆ. ಯಾವುದು ಕಾಗದದ ಸಾಕ್ಷಿ, ಯಾವುದು ಬಾಯಿಮಾತು ಎಂಬುದು ಓದಿದವರಿಗೆ ತಿಳಿಯುವಂತೆ ಬರೆದೆ. ದಪ್ಪ ಹಾಳೆಯಲ್ಲಿ ಪ್ರಿಂಟ್ ತೆಗೆದು ಅವರಿಗೆ ಓದಿ ಹೇಳಿದೆ. ಒಂದು ಅಕ್ಷರ ತಪ್ಪಿತ್ತು, ಹೆಸರಿನ ಕೊನೆಯ 'ವ್ವ'. ತಿದ್ದಿಸಿದರು.

ಚೀಟಿ ಹಚ್ಚಿ ಕೈ ತೆಗೆಯುವಷ್ಟರಲ್ಲಿ ಹಿರಿಯ ಮಗ ಸಂಸಾರ ಸಮೇತ ಬಂದರು. ತಮ್ಮನನ್ನು ನೋಡಿದರು, ಚೀಟಿ ನೋಡಿದರು. "ಇದನ್ನ ಯಾರು ಹಾಕಿಸಿದ್ರು?" ಅಂತ ನನ್ನನ್ನೇ ಕೇಳಿದರು. ನಾನೇ ಹಾಕಿದ್ದು ಅಂದೆ, ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿ ಕರಪತ್ರ ತೋರಿಸಿದೆ. "ನಿಮ್ಮ ತಂದೆಯವರೇ ಅಚ್ಚು ಹಾಕಿಸಿದ್ದು ಇದು, ಸರ್." ಬಹಳ ಹೊತ್ತು ಗಾಜಿನ ಮೇಲೆ ಬಗ್ಗಿ ನಿಂತರು. ತೆಗೆಯಿರಿ ಅನ್ನಲಿಲ್ಲ. ಸನ್ಮಾನಕ್ಕೆ ಹೆಸರು ಕರೆದಾಗ ವೇದಿಕೆಗೆ ಬರಲೂ ಇಲ್ಲ.

ಮುಖ್ಯಸ್ಥರು ಆಮೇಲೆ ನನಗೆ ಬೈದರು: ಮನೆತನದ ವಿಷಯದಲ್ಲಿ ಕೈ ಹಾಕಬಾರದಿತ್ತು, ಇನ್ನು ಮುಂದೆ ಯಾರು ವಸ್ತು ಕೊಡುತ್ತಾರೆ ಎಂದು. ಅವರ ಚಿಂತೆ ಸುಳ್ಳಲ್ಲ. ಆದರೆ ಒಬ್ಬರ ಮಾತನ್ನೇ ಗೋಡೆಗೆ ಹಚ್ಚಿದಾಗ ನಾವು ಆಗಲೇ ಕೈ ಹಾಕಿ ಆಗಿತ್ತು ಎಂದು ನಾನು ಹೇಳಿದೆ, ಈಗಲೂ ಹೇಳುತ್ತೇನೆ. ಕಂಪನಿ ನಾಟಕದ ಚರಿತ್ರೆಯನ್ನು ಮಾಲೀಕರ ಹೆಸರಿನಿಂದಲೇ ಎಣಿಸುವ ರೂಢಿ ನಮ್ಮದು. ಲಕ್ಷ್ಮೇಶ್ವರದ ಬಚ್ಚಾಸಾನಿಯಂತೆ ಸ್ವತಃ ಮಂಡಳಿ ಕಟ್ಟಿದ ಹೆಣ್ಣಿನ ಹೆಸರಾದರೂ ಉಳಿಯಿತು. ಟಿಕೆಟ್ಟು ಮಾರಾಟವಾಗುತ್ತಿದ್ದದ್ದು ಯಾರ ಹೆಸರಿನ ಮೇಲೋ ಅಂಥ ಎಷ್ಟೋ ನಟಿಯರು ಕರಪತ್ರದಲ್ಲೇ ಉಳಿದುಹೋದರು. ಆ ಕರಪತ್ರಗಳೂ ಈಗ ಮುಟ್ಟಿದರೆ ಮುರಿಯುತ್ತಿವೆ.

ನಮ್ಮ ಎರವಲು ಫಾರ್ಮನ್ನು ಈಗ ಬದಲಿಸಿದ್ದೇನೆ. ವಸ್ತುವಿನ ಮೇಲೆ ಹಕ್ಕಿರುವ ಬೇರೆಯವರು ಯಾರು, ಮಾಡಿದವರು, ಬಳಸಿದವರು, ದುರಸ್ತಿ ಮಾಡಿದವರು ಯಾರು, ಈ ಮಾಹಿತಿ ಹೇಳಿದವರು ಯಾರು ಎಂಬ ಕಾಲಮ್ಮುಗಳು ಬಂದಿವೆ. ಕಂಡಿಷನ್ ರಿಪೋರ್ಟಿನಲ್ಲಿ ಹಾನಿ ಬೇರೆ, ದುರಸ್ತಿ ಬೇರೆ. ಫಾರ್ಮನ್ನು ಕೊಡುವವರ ಮುಂದೆ ಗಟ್ಟಿಯಾಗಿ ಓದಿಯೇ ಸಹಿ ಪಡೆಯುತ್ತೇವೆ. ಒಂದು ಮನೆಯ ವಸ್ತುವಿಗೆ ಕಡಿಮೆಯೆಂದರೆ ಇಬ್ಬರನ್ನು, ಬೇರೆಬೇರೆಯಾಗಿ, ಮಾತಾಡಿಸದೆ ಪ್ಯಾನಲ್ ಬರೆಯುವುದಿಲ್ಲ. ಚೀಟಿಗಳನ್ನು ಸನ್‌ಬೋರ್ಡಿಗೆ ಹಾಕಿಸುವುದನ್ನೇ ಬಿಟ್ಟೆವು, ದಪ್ಪ ಕಾಗದವೇ ಸಾಕು. ಬದಲಿಸಲು ಬರುವುದು ಮುಖ್ಯ.

ಏಪ್ರಿಲ್‌ನ ಪಾಠದಲ್ಲಿ ಈ ಸಂಗತಿಯನ್ನೇ ಕೇಸ್ ಸ್ಟಡಿಯಾಗಿ ಇಟ್ಟೆ. ದೊಡ್ಡ ಊರುಗಳ ಗ್ಯಾಲರಿಗಳಲ್ಲಿ ಕೆಲಸ ಮಾಡುವ ಸಹಪಾಠಿಗಳು ವಿಮೆ, ವಕೀಲರ ನೋಟಿಸು, ಕರಾರಿನ ಷರತ್ತುಗಳ ಮಾತಾಡಿದರು. ಉಪಯೋಗಕ್ಕೆ ಬರುವಂಥವೇ, ಬರೆದುಕೊಂಡೆ.

ಈಗ ಗದಗಿನಲ್ಲೂ ಇದೇ ಪ್ರದರ್ಶನ ಬೇಕೆಂದು ಕೇಳಿದ್ದಾರೆ. ಪರದೆ ಹೋಗಬೇಕಾದರೆ ಹೊಸ ಫಾರ್ಮಿಗೆ ಅಣ್ಣ-ತಮ್ಮ ಇಬ್ಬರ ಸಹಿಯೂ ಬೇಕು. ತಮ್ಮನದು ಬಂದಿದೆ. ಅಣ್ಣ ಫಾರ್ಮು ಇಟ್ಟುಕೊಂಡಿದ್ದಾರೆ, ಆಗೋದಿಲ್ಲ ಅಂದಿಲ್ಲ, ಸಹಿಯನ್ನೂ ಮಾಡಿಲ್ಲ. ಬರುವ ವಾರ ಅವರ ಮನೆಗೆ ಹೋಗುತ್ತಿದ್ದೇನೆ, ಕರಪತ್ರದ ಒಂದು ಒಳ್ಳೆ ಪ್ರತಿ ಮಾಡಿಸಿಕೊಂಡು.