ಗುಂಡ್ಲುಪೇಟೆಯಿಂದ ಊಟಿಗೆ: ಹೂವೊಳಗಿನ ಹೂಗಳನ್ನು ನೋಡುತ್ತಾ

ಮೈಸೂರು ಬಿಟ್ಟು ನಂಜನಗೂಡು, ಬೇಗೂರು ದಾಟಿದರೆ ಜುಲೈ ತಿಂಗಳಲ್ಲಿ ರಸ್ತೆಯ ಎರಡೂ ಬದಿ ಸೂರ್ಯಕಾಂತಿ ಹೊಲಗಳು. ಬಲಗಡೆಯ ಹೂಗಳು ನಮಗೆ ಮುಖ ಕೊಟ್ಟು ನಿಂತಿದ್ದವು, ಎಡಗಡೆಯವು ಬೆನ್ನು. ರಸ್ತೆ ಹೆಚ್ಚುಕಮ್ಮಿ ದಕ್ಷಿಣಕ್ಕೆ ಸಾಗುತ್ತದೆ, ಬಲಿತ ಸೂರ್ಯಕಾಂತಿ ಪೂರ್ವಕ್ಕೇ ಮುಖ ಮಾಡಿ ನಿಂತುಬಿಡುತ್ತದೆ. ಸೂರ್ಯನ ಹಿಂದೆ ದಿನವಿಡೀ ತಿರುಗುವುದು ಎಳೆಯ ಗಿಡ, ಮೊಗ್ಗು ಮಾತ್ರ. ಪೂರ್ವಕ್ಕೆ ನಿಂತ ತೆನೆ ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ, ಬೆಚ್ಚಗಿದ್ದ ಕಡೆಗೆ ಜೇನ್ನೊಣಗಳು ಹೆಚ್ಚು ಬರುತ್ತವೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ತೋರಿಸಿಕೊಟ್ಟಿತ್ತು.

ಫೋಟೊಗೆ ಬಂದವರ ಕಾರುಗಳೆಲ್ಲ ಬಲಗಡೆ ನಿಂತಿದ್ದವು. ನಾನು ಭಾವನಿಗೆ ಎಡಗಡೆ ನಿಲ್ಲಿಸಲು ಹೇಳಿದೆ. ಈ ಹೂವಿನ ಕಥೆ ಶುರುವಾಗುವುದೇ ಅದರ ಬೆನ್ನಿನಿಂದ. ಹಿಂದೆ ಸುತ್ತು ಸುತ್ತಾಗಿ ಹಸಿರು ಎಸಳುಗಳಿವೆ, ಚೂಪು ತುದಿಯವು, ಮುಟ್ಟಿದರೆ ಒರಟು. ದಾಸವಾಳ ನೋಡಿ ಅಭ್ಯಾಸವಿದ್ದವರು ಇವನ್ನು ಪುಷ್ಪಪತ್ರ, ಅಂದರೆ ಒಂದು ಹೂವಿನ ದಳಗಳಡಿಯ ಹೊದಿಕೆ, ಎಂದುಕೊಳ್ಳುತ್ತಾರೆ. ಅಲ್ಲ, ಇವು ಎಲೆಗಳೇ. ಒಂದು ಹೂವನ್ನಲ್ಲ, ಇಡೀ ಒಂದು ಹೂಗೊಂಚಲನ್ನು ಮೊಗ್ಗಿನಲ್ಲಿ ಮುಚ್ಚಿ ಕಾಪಾಡಿದ ಎಲೆಗಳು. ಹಾಗಿದ್ದರೆ ಪುಷ್ಪಪತ್ರ ಎಲ್ಲಿ? ಅದನ್ನು ಹುಡುಕಲು ಒಳಗೆ ಹೋಗಬೇಕು.

ಬದುವಿನ ಮೇಲಿದ್ದ ರೈತರನ್ನು ಕೇಳಿದೆ. "ಹೋಗಿ ಸಾ, ಗಿಡ ಮುರೀಬ್ಯಾಡಿ ಅಷ್ಟೇಯ" ಎಂದರು. ಫೋಟೊ ತೆಗೆಯುವವರಿಂದ ಅವರು ತಲೆಗಿಷ್ಟು ಎಂದು ಹಣ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲೇಬೇಕು. ಜನ ತುಳಿದು ಹೋದ ಸಾಲುಗಳನ್ನು ಕಣ್ಣಾರೆ ಕಂಡೆ. ನಾನೂ ಕೊಟ್ಟೆ. ಗಾಳಿಗೆ ಮುರಿದು ಬಿದ್ದಿದ್ದ ಒಂದು ತೆನೆಯನ್ನು ಅವರೇ ಎತ್ತಿ ಕೊಟ್ಟರು.

ಅಂಚಿನ ಹಳದಿ ಪಟ್ಟಿ ಒಂದೊಂದೂ ಒಂದು ಹೂ. ದಳಗಳು ಕೂಡಿ ಒಂದೇ ನಾಲಿಗೆಯಾಗಿವೆ. ಕೇಸರವಿಲ್ಲ, ಕಾಳು ಕಟ್ಟುವುದಿಲ್ಲ. ದೂರದ ನೊಣವನ್ನು ಕರೆಯುವುದಷ್ಟೇ ಅದರ ಕೆಲಸ. ನಡುವಿನ ಕಂದು ತಟ್ಟೆಯಲ್ಲಿರುವುದು ಕೊಳವೆ ಹೂಗಳು. ದೊಡ್ಡ ತೆನೆಯಲ್ಲಿ ಸಾವಿರಕ್ಕೂ ಹೆಚ್ಚು. ಉಗುರಿನಿಂದ ಒಂದನ್ನು ಬಿಡಿಸಿ ಲೆನ್ಸ್ ಕೆಳಗೆ ಹಿಡಿದೆ. ಐದು ಹಲ್ಲಿನ ಹಳದಿ ಕೊಳವೆ, ಕೆಳಗೆ ಬಿಳಿ ಅಂಡಾಶಯ. ನಾವು ಬೀಜ ಎನ್ನುವುದು ಈ ಅಂಡಾಶಯ ಬಲಿತು ಆಗುವ ಹಣ್ಣು. ಹೊರಗಿನ ಕಪ್ಪು ಸಿಪ್ಪೆ ಹಣ್ಣಿನದು, ಒಳಗಿನ ತಿರುಳೇ ಬೀಜ. ಅಂಡಾಶಯದ ನೆತ್ತಿಯ ಮೇಲೆ ಎರಡು ಸಣ್ಣ ಪೊರೆಗಳು, ಬೆರಳು ತಾಗಿದರೆ ಉದುರುವಂಥವು. ಹುಡುಕುತ್ತಿದ್ದ ಪುಷ್ಪಪತ್ರ ಇವೇ, ಇಷ್ಟಕ್ಕೆ ಇಳಿದುಬಿಟ್ಟಿವೆ.

ಕೊಳವೆಯ ಬಾಯಲ್ಲಿ ಐದು ಕೇಸರಗಳ ತಲೆಗಳು ಅಂಟಿಕೊಂಡು ಇನ್ನೊಂದು ಕಪ್ಪು ಕೊಳವೆಯಾಗಿವೆ. ಪರಾಗ ಉದುರುವುದು ಅದರ ಒಳಕ್ಕೆ. ಆಮೇಲೆ ಕೆಳಗಿನಿಂದ ಶಲಾಕೆ, ಅಂದರೆ ಅಂಡಾಶಯದ ಮೇಲಿನ ಕಡ್ಡಿ, ಬೆಳೆಯುತ್ತಾ ಬಂದು, ಒರಳಿನಲ್ಲಿ ಚಕ್ಕುಲಿ ಒತ್ತಿದ ಹಾಗೆ, ಪರಾಗವನ್ನು ಮೇಲಕ್ಕೆ ತಳ್ಳುತ್ತದೆ. ಮೊದಲ ದಿನ ಹೂ ಗಂಡು. ಮರುದಿನ ಅದೇ ಶಲಾಕೆಯ ತುದಿ ಸೀಳಿ ಎರಡು ಕವಲಾಗಿ ಬಾಗುತ್ತದೆ, ಈಗ ಹೂ ಹೆಣ್ಣು. ಹೊರಗಿನ ಸುತ್ತು ಮೊದಲು ಅರಳಿ, ದಿನಕ್ಕೆ ಒಂದೆರಡು ಸುತ್ತಿನಂತೆ ನಡುವಿಗೆ ಸಾಗುತ್ತದೆ. ನನ್ನ ಕೈಯಲ್ಲಿದ್ದ ತೆನೆಯಲ್ಲಿ ಹೊರಗೆ ಬಾಡಿದವು, ಒಳಗೆ ಕವಲೊಡೆದವು, ಇನ್ನೂ ಒಳಗೆ ಪರಾಗ ಚೆಲ್ಲುತ್ತಿದ್ದವು, ನಟ್ಟನಡುವೆ ಬರೀ ಮೊಗ್ಗು. ಒಂದು ವಾರದ ಇತಿಹಾಸವೆಲ್ಲ ಒಂದೇ ತಟ್ಟೆಯಲ್ಲಿ! ಆ ಮೊಗ್ಗುಗಳ ಸುರುಳಿ ಸಾಲುಗಳನ್ನು ಎಣಿಸಿದರೆ ಒಂದು ಕಡೆಗೆ 34, ಇನ್ನೊಂದು ಕಡೆಗೆ 55 ಎಂಬಂಥ ಫಿಬೊನಾಚಿ ಸಂಖ್ಯೆಗಳು (ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಸರಣಿ) ಸಿಗುತ್ತವೆ. ಪ್ರತಿ ಹೊಸ ಹೂ ಹಿಂದಿನದಕ್ಕೆ ಸುಮಾರು 137.5 ಡಿಗ್ರಿ ಕೋನದಲ್ಲಿ ಹುಟ್ಟುವುದರಿಂದ ಎಲ್ಲೂ ಜಾಗ ವ್ಯರ್ಥವಾಗುವುದಿಲ್ಲ.

ರೈತರಿಗೆ ಇದರ ಲೆಕ್ಕವೇ ಬೇರೆ. "ಜೇನು ಕಮ್ಮಿ ಆದ್ರೆ ಬೆಳಗ್ಗೆ ನಾವೇ ತೆನೆ ಮೇಲೆ ಬಟ್ಟೆ ಸವರ್ತೀವಿ ಸಾ. ಇಲ್ಲಾಂದ್ರೆ ಎಲ್ಲಾ ಜೊಳ್ಳೇಯ" ಎಂದರು. ಒಂದು ಹೂವಿನ ಪರಾಗ ಇನ್ನೊಂದರ ಕವಲಿಗೆ ತಾಗಿಸುವ ಕೆಲಸವನ್ನು ಅವರ ಕೈ ಮಾಡುತ್ತಿದೆ. ಜೊಳ್ಳಾದ ಒಂದೊಂದು ಕಾಳೂ ಯಾರೂ ಬಂದು ಮುಟ್ಟದ ಒಂದೊಂದು ಹೂ ಎಂದು ಆಗ ಹೊಳೆಯಿತು.

ಗುಂಡ್ಲುಪೇಟೆಯ ಆಸುಪಾಸಿನಲ್ಲಿ ಚೆಂಡು ಹೂವಿನ ಕೊಯ್ಲು ನಡೆದಿತ್ತು. ಇವು ಮಾಲೆಗಲ್ಲ, ಚೀಲ ತುಂಬಿ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತವೆ. ಇದರಲ್ಲಿರುವ ಲ್ಯೂಟಿನ್ ಎಂಬ ಬಣ್ಣ ಕೋಳಿ ಆಹಾರಕ್ಕೆ ಸೇರಿ ಮೊಟ್ಟೆಯ ಭಂಡಾರಕ್ಕೆ ಹಳದಿ ಕೊಡುತ್ತದೆ. ಒಂದು ಚೆಂಡನ್ನು ಬಿಡಿಸಿದರೆ ಪ್ರತಿ ಎಸಳಿನ ಬುಡದಲ್ಲೂ ಸೂಜಿಯಂಥ ಸಣ್ಣ ಅಂಡಾಶಯ. ಇಲ್ಲಿ ನಾಲಿಗೆ ಹೂಗಳು ಬಂಜೆಯಲ್ಲ, ಹೆಣ್ಣು. ಆಯುಧಪೂಜೆಯ ಒಣಮಾಲೆಯನ್ನು ಹಿತ್ತಲಿಗೆ ಎಸೆದರೆ ಗಿಡ ಏಳುವುದು ಈ ಸೂಜಿಗಳಿಂದಲೇ. ದುಂಡನೆಯ ತಳಿಗಳಲ್ಲಿ ನಡುವಿನ ಕೊಳವೆ ಹೂಗಳ ಬಹುಪಾಲು ನಾಲಿಗೆಗಳಾಗಿ ಬದಲಾಗಿರುತ್ತವೆ. ಹಿಂದಿನ ಹಸಿರು ಎಸಳುಗಳೋ ಒಂದಕ್ಕೊಂದು ಕೂಡಿ ಬಟ್ಟಲಾಗಿವೆ. ಚಿವುಟಿದಾಗ ಬರುವ ಆ ಘಾಟು ವಾಸನೆಯ ಎಣ್ಣೆ ಗ್ರಂಥಿಗಳು ಅದರ ಮೇಲೂ ಇವೆ.

ಚಹಾ ಕುಡಿಯಲು ನಿಂತಲ್ಲಿ ಕಾಂಗ್ರೆಸ್ ಗಿಡ. ಅದೂ ಇದೇ ಸೂರ್ಯಕಾಂತಿ ಕುಟುಂಬ. ನಾಲ್ಕೈದು ಮಿಲಿಮೀಟರಿನ ಬಿಳಿ ತಲೆ, ಅಂಚಿನಲ್ಲಿ ಐದೇ ಹೂ, ಕಾಳಾಗುವುದೂ ಆ ಐದೇ. ನಡುವಿನವು ಬರೀ ಪರಾಗ ಚೆಲ್ಲುತ್ತವೆ. ಸೂರ್ಯಕಾಂತಿಯ ಲೆಕ್ಕ ಇಲ್ಲಿ ಪೂರ್ತಿ ತಿರುಗುಮುರುಗು.

ಬಂಡೀಪುರದ ಕಾಡಿನಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಗೂಡಲೂರಿನ ಮೇಲೆ ಹಾದು ಮಧ್ಯಾಹ್ನಕ್ಕೆ ಊಟಿ ಸೇರಿದೆವು. 1848ರಲ್ಲಿ ಶುರುವಾದ ಸಸ್ಯೋದ್ಯಾನದಲ್ಲಿ ಡೇಲಿಯಾ, ಡೇಸಿ ಎಲ್ಲ ಸಾಲಾಗಿ ನಿಂತಿದ್ದವು. ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಯಾರೂ ನೆಡದ ಎರಡು ಗಿಡ. ಕಲ್ಲುಗೋಡೆಯ ಸಂದಿನಲ್ಲಿ ಮೆಕ್ಸಿಕೊದಿಂದ ಬಂದ ಪುಟ್ಟ ಡೇಸಿ. ಅಂಚಿನ ನಾಲಿಗೆಗಳು ಅರಳುವಾಗ ಬಿಳಿ, ಹಳತಾದಂತೆ ನಸುಗೆಂಪು. ಒಂದೇ ಗೋಡೆಯಲ್ಲಿ ಎರಡು ಬಣ್ಣ. ಇನ್ನೊಂದು ಹುಲ್ಲಿನ ನಡುವೆ ಉದ್ದ ಕಾಂಡದ ಮೇಲೆ ಅರಳಿದ, ಡ್ಯಾಂಡೆಲಿಯನ್‌ನಂತೆ ಕಾಣುವ ಹೈಪೊಕೀರಿಸ್ ಎಂಬ ಹಳದಿ ಹೂವಿನ ಕಳೆ. ಅದರಲ್ಲಿ ಕೊಳವೆ ಹೂಗಳೇ ಇಲ್ಲ, ತುದಿಯಿಂದ ನಡುವಿನವರೆಗೆ ಎಲ್ಲವೂ ನಾಲಿಗೆ. ಲೆನ್ಸಿನಲ್ಲಿ ಪ್ರತಿ ನಾಲಿಗೆಯ ತುದಿಗೂ ಐದು ಹಲ್ಲು ಕಾಣುತ್ತವೆ, ಕೂಡಿಹೋದ ಐದು ದಳಗಳ ಗುರುತು. ಪಕ್ಕದಲ್ಲೇ ಬಲಿತ ತಲೆಯೊಂದಿತ್ತು. ಸೂರ್ಯಕಾಂತಿಯಲ್ಲಿ ಉದುರುವ ಪೊರೆಯಾಗಿದ್ದ ಪುಷ್ಪಪತ್ರ ಇಲ್ಲಿ ಹಕ್ಕಿಯ ಗರಿಯಂಥ ಕೂದಲಿನ ಕೊಡೆ, ಹಣ್ಣನ್ನು ಗಾಳಿಗೆ ಹತ್ತಿಸಲು. ಭಾವ ಊದಿದರು, ಹೊರಟೇ ಹೋಯಿತು.

ಎರಡೂ ಬಗೆಯ ಹೂ ಇರುವ ತಲೆ ಕಂಡಾಯಿತು, ಬರೀ ನಾಲಿಗೆಯದೂ ಕಂಡಾಯಿತು. ಬರೀ ಕೊಳವೆಯದು ಬಾಕಿ. ಅದಕ್ಕೆ ಕುಸುಬೆ ನೋಡಬೇಕು. ಹಿಂಗಾರಿನಲ್ಲಿ ವಿಜಯಪುರದ ಕಪ್ಪು ಮಣ್ಣಿಗೆ ಹೋಗೋಣ ಎಂದು ಭಾವನೇ ಹೇಳಿದ್ದಾರೆ. ಅದರ ಹಿಂದಿನ ಎಸಳುಗಳಿಗೆ ಮುಳ್ಳಿರುತ್ತದೆ, ಕೈಗವಸು ಒಯ್ಯಬೇಕು.